ಐದು ಜನ ಸಾಲದು: ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ ಎಳೆಯ ಪಿಚರ್‌ಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬಂದು ಆರು ವರ್ಷವಾಯಿತು. ಕ್ರಿಕೆಟ್ ನೋಡಿ ಬೆಳೆದ ನಾನು ಈಗ ಮಗನ ಜೊತೆ ಕೂತು ಮ್ಯಾರಿನರ್ಸ್ ಪಂದ್ಯ ತಪ್ಪದೆ ನೋಡುತ್ತೇನೆ. ಗಿಲ್ಬರ್ಟ್, ಕರ್ಬಿ, ಮಿಲ್ಲರ್, ವೂ ಎಂಬ ನಾಲ್ವರು ಯುವ ಸ್ಟಾರ್ಟರ್‌ಗಳಿದ್ದಾರೆ (ಪಂದ್ಯದ ಆರಂಭದಿಂದ ಚೆಂಡು ಎಸೆಯುವ ಪಿಚರ್‌ಗಳು), ಅನುಭವಿ ಕ್ಯಾಸ್ಟಿಯೊ ಇದ್ದಾರೆ, ಆರನೆಯವರಾಗಿ ಹ್ಯಾನ್‌ಕಾಕ್ ಇದ್ದಾರೆ. 2024ರಲ್ಲಿ ಇಷ್ಟು ಬಲವಾದ ಪಿಚಿಂಗ್ ಇದ್ದೂ ರನ್ ಬಾರದೆ ಒಂದೇ ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿತು. ಒಬ್ಬ ಸ್ಟಾರ್ಟರ್‌ನನ್ನು ಬೇರೆ ತಂಡಕ್ಕೆ ಕೊಟ್ಟು ಒಳ್ಳೆಯ ಬ್ಯಾಟರ್ ತರುವುದು ಸರಿಯಲ್ಲವೇ? ಪಿಚರ್‌ಗಳ ತೋಳು, ಭುಜ ನೋಡಿಕೊಳ್ಳುವ ಕೆಲಸದಲ್ಲಿರುವ ನಿಮ್ಮ ಅಭಿಪ್ರಾಯ ಬೇಕು.

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್): ಕೊಡಬಾರದು ಎಂದೇ ಹೇಳುತ್ತೇನೆ. ಮಳೆಗಾಲದಲ್ಲಿ ಕೆರೆ ತುಂಬಿತೆಂದು ತೂಬು ತೆಗೆದುಬಿಟ್ಟರೆ ಬೇಸಿಗೆಗೆ ನೀರು ಎಲ್ಲಿಂದ ಬರಬೇಕು? ಬೇಸ್‌ಬಾಲ್ ಋತುವಿನಲ್ಲಿ 162 ಪಂದ್ಯಗಳು, ಪ್ರತಿ ಪಂದ್ಯಕ್ಕೂ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್. ಸ್ಟಾರ್ಟರ್ ಆದವರು ಐದಾರು ದಿನಕ್ಕೊಮ್ಮೆ ಮೈದಾನಕ್ಕಿಳಿದು ಪ್ರತಿ ಸಲವೂ ತೊಂಬತ್ತರ ಆಸುಪಾಸು ಚೆಂಡು ಎಸೆಯಬೇಕು, ಅದೂ ಪೂರ್ತಿ ವೇಗದಲ್ಲಿ. ಮಾರ್ಚ್‌ನಲ್ಲಿ ಎಣಿಸಿದ ತೋಳುಗಳೆಲ್ಲ ಸೆಪ್ಟೆಂಬರ್‌ವರೆಗೆ ಉಳಿಯುವುದಿಲ್ಲ.

2025ನ್ನೇ ನೋಡಿ. ಕರ್ಬಿ ಭುಜದ ಉರಿಯೂತದಿಂದ ಋತುವಿನ ಆರಂಭವನ್ನೇ ತಪ್ಪಿಸಿಕೊಂಡರು. ಏಪ್ರಿಲ್‌ನಲ್ಲಿ ಗಿಲ್ಬರ್ಟ್ ಅವರ ಮುಂಗೈ ಸ್ನಾಯು ಎಳೆಯಿತು. ಮಿಲ್ಲರ್ ಅವರಿಗೆ ಮೊಣಕೈ ತೊಂದರೆ. ಹಿಂದಿನ ವರ್ಷ 208 ಇನ್ನಿಂಗ್ಸ್ ದಾಟಿ ಇಡೀ ಮೇಜರ್ ಲೀಗ್‌ನಲ್ಲೇ ಹೆಚ್ಚು ಎಸೆದಿದ್ದವರು ಇದೇ ಗಿಲ್ಬರ್ಟ್. ಆ ತಿಂಗಳುಗಳಲ್ಲಿ ಹ್ಯಾನ್‌ಕಾಕ್ ಮತ್ತು ಲೋಗನ್ ಇವಾನ್ಸ್ ಬಂದು ಖಾಲಿ ಜಾಗ ತುಂಬದಿದ್ದರೆ, 2001ರ ನಂತರ ಮೊದಲ ಬಾರಿಗೆ ತಂಡ ತನ್ನ ವಿಭಾಗ ಗೆಲ್ಲುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಬ್ಯಾಟರ್‌ಗಳೂ ಬಂದರಲ್ಲ! ಜುಲೈನಲ್ಲಿ ಅರಿಝೋನಾದಿಂದ ನೇಲರ್ ಮತ್ತು ಸುವಾರೆಝ್ ಅವರನ್ನು ತಂದಾಗ ಈ ಸ್ಟಾರ್ಟರ್‌ಗಳಲ್ಲಿ ಯಾರನ್ನೂ ಬಿಟ್ಟುಕೊಡಲಿಲ್ಲ. ಕೊಟ್ಟಿದ್ದು ಅವರ ಹಿಂದೆ ಬೆಳೆಯುತ್ತಿದ್ದವರನ್ನು. ನನ್ನ ಪ್ರಕಾರ ಅದೇ ಸರಿಯಾದ ಲೆಕ್ಕ.

ಆಮೇಲೆ ಅಕ್ಟೋಬರ್ 10ರ ರಾತ್ರಿ. ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ವಿರುದ್ಧದ ಸರಣಿಯ ಐದನೆಯ, ನಿರ್ಣಾಯಕ ಪಂದ್ಯ 15 ಇನ್ನಿಂಗ್ಸ್‌ವರೆಗೆ ನಡೆಯಿತು. ಕರ್ಬಿ ಆರಂಭಿಸಿದ ಪಂದ್ಯದಲ್ಲಿ ಗಿಲ್ಬರ್ಟ್ ನಡುವೆ ಬಂದರು, ಕೊನೆಗೆ ಕ್ಯಾಸ್ಟಿಯೊ ಬಂದು ಗೆಲುವು ಪಡೆದರು. ಮೂವರು ಸ್ಟಾರ್ಟರ್‌ಗಳು ಒಂದೇ ರಾತ್ರಿ! ಅವರಲ್ಲಿ ಒಬ್ಬರನ್ನು ಚಳಿಗಾಲದಲ್ಲೇ ಕಳುಹಿಸಿಬಿಟ್ಟಿದ್ದರೆ ಎಂದು ಯೋಚಿಸಿದಾಗ ನನಗೆ ಈಗಲೂ ಎದೆ ಝಲ್ ಎನ್ನುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ಆರನೆಯವನು, ಏಳನೆಯವನು ಸುಮ್ಮನೆ ಕೂತಿರಬೇಕೇ? ಪಂದ್ಯದ ನಡುವೆ ಬಂದು ಎಸೆಯುವವರ ಗುಂಪಾದ ಬುಲ್‌ಪೆನ್‌ಗೆ ಹಾಕಿ ಒಂದೊಂದು ಇನ್ನಿಂಗ್ಸ್ ಎಸೆಯಲು ಬಿಡಬಹುದಲ್ಲ?

ಉತ್ತರ: ಹಾಕಬಹುದು. ಆದರೆ ಹಾಕಿದ ಮೇಲೆ ಆ ವರ್ಷ ಅಲ್ಲೇ ಬಿಡಬೇಕು. ಸೇಂಟ್ ಲೂಯಿಸ್‌ನ ಆ್ಯಡಮ್ ವೇನ್‌ರೈಟ್ 2006ರಲ್ಲಿ ಬುಲ್‌ಪೆನ್‌ನಿಂದ ಬಂದು ತಂಡಕ್ಕೆ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು, ಮರುವರ್ಷ ಸ್ಟಾರ್ಟರ್ ಆಗಿ 200 ಇನ್ನಿಂಗ್ಸ್ ದಾಟಿದರು. ನ್ಯೂಯಾರ್ಕ್ ಯಾಂಕೀಸ್‌ನ ಜೋಬಾ ಚೇಂಬರ್ಲಿನ್ ಅವರ ಕಥೆ ಬೇರೆ. 2007ರಲ್ಲಿ ಬುಲ್‌ಪೆನ್, 2008ರ ನಡುವೆ ಸ್ಟಾರ್ಟರ್, ಅದೇ ಆಗಸ್ಟ್‌ನಲ್ಲಿ ಭುಜದ ನೋವು, 2009ರಲ್ಲಿ ಮತ್ತೆ ಸ್ಟಾರ್ಟರ್, 2010ರಲ್ಲಿ ಮತ್ತೆ ಬುಲ್‌ಪೆನ್, 2011ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. ಅತ್ತಿಂದಿತ್ತ ಎಳೆದಾಡಿದ್ದೇ ಗಾಯಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಐದು ದಿನದ ವಿಶ್ರಾಂತಿಗೆ ಒಗ್ಗಿದ ತೋಳನ್ನು ದಿನ ಬಿಟ್ಟು ದಿನ ಬಿಸಿ ಮಾಡಿಸುವುದು, ಮತ್ತೆ ನೂರು ಚೆಂಡಿಗೆ ಸಿದ್ಧಪಡಿಸುವುದು ಎರಡೂ ಸುಲಭವಲ್ಲ. ಆರನೆಯವರು ಕೆಳಹಂತದ ಮೈನರ್ ಲೀಗ್‌ನ ಟಕೋಮಾ ತಂಡದಲ್ಲಿ ಐದಾರು ದಿನಕ್ಕೊಮ್ಮೆ ಎಸೆಯುತ್ತಾ ಸ್ಟಾರ್ಟರ್ ಆಗಿಯೇ ಸಿದ್ಧರಿರುವುದು ಒಳ್ಳೆಯದು. ಹಾಗೆ ಕೆಳಗೆ ಕಳುಹಿಸಲು ತಂಡಕ್ಕೆ ಒಬ್ಬ ಆಟಗಾರನ ಮೇಲೆ ಸಾಮಾನ್ಯವಾಗಿ ಮೂರು ಋತುಗಳ ಅವಕಾಶವಿರುತ್ತದೆ. ಅದು ಮುಗಿದ ಮೇಲೆ ಕೆಳಗೆ ಕಳುಹಿಸಲು ಹೋದರೆ ಬೇರೆ ತಂಡಗಳು ಅವನನ್ನು ಎತ್ತಿಕೊಳ್ಳಬಹುದು. ಬುಲ್‌ಪೆನ್ ವಿಚಾರ ಬರಬೇಕಾದದ್ದು ಆಗ.

ಪ್ರಶ್ನೆ: ಇನ್ನಿಂಗ್ಸ್ ಮಿತಿಯ ಬಗ್ಗೆ ಹೇಳಿ. ಹಿಂದೆ ನೋಲನ್ ರಯನ್ 1974ರಲ್ಲಿ 332 ಇನ್ನಿಂಗ್ಸ್ ಎಸೆದು, 27 ಋತು ಆಡಿದರು. ಈಗಿನ ಹುಡುಗರನ್ನು ವಿಪರೀತ ಮುದ್ದು ಮಾಡುತ್ತಿದ್ದಾರೆ ಎನಿಸುತ್ತದೆ.

ಉತ್ತರ: ರಯನ್ ನೆನಪಿರುವುದು ಅವರು ಉಳಿದುಕೊಂಡದ್ದರಿಂದ. ತೋಳು ಕೆಟ್ಟು ಇಪ್ಪತ್ತೈದಕ್ಕೇ ಮನೆಗೆ ಹೋದವರ ಹೆಸರು ನಮಗೆ ತಿಳಿಯುವುದಿಲ್ಲ.

ಮಿತಿಯ ವಿಷಯದಲ್ಲಿ ಎರಡು ಉದಾಹರಣೆ ನನ್ನನ್ನು ಬಹಳ ಕಾಡಿವೆ. ವಾಷಿಂಗ್ಟನ್ ನ್ಯಾಷನಲ್ಸ್‌ನ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರಿಗೆ 2010ರಲ್ಲಿ ಮೊಣಕೈ ಅಸ್ಥಿರಜ್ಜು ಕಸಿ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. 2012ರಲ್ಲಿ 159 ಇನ್ನಿಂಗ್ಸ್ ಆದ ಕೂಡಲೇ, 98 ಪಂದ್ಯ ಗೆದ್ದ ತಂಡ ಅವರನ್ನು ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿತು, ಪ್ಲೇಆಫ್‌ನ ಮೊದಲ ಸರಣಿಯಲ್ಲೇ ಸೋತಿತು. ನ್ಯೂಯಾರ್ಕ್ ಮೆಟ್ಸ್‌ನ ಮ್ಯಾಟ್ ಹಾರ್ವಿ ಅದೇ ಶಸ್ತ್ರಚಿಕಿತ್ಸೆಯ ನಂತರ 2015ರಲ್ಲಿ ಪ್ಲೇಆಫ್ ಸೇರಿ 216 ಇನ್ನಿಂಗ್ಸ್ ಎಸೆದರು. ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ಎಂಟು ಇನ್ನಿಂಗ್ಸ್ ಆದ ಮೇಲೂ ಒಂಬತ್ತನೆಯದನ್ನು ತಾನೇ ಎಸೆಯುತ್ತೇನೆಂದು ಹಟ ಹಿಡಿದರು, ಆ ಪಂದ್ಯವೂ ಕೈತಪ್ಪಿತು. 2016ರ ಜುಲೈನಲ್ಲಿ ಭುಜದ ಬಳಿ ನರ ಒತ್ತಿಕೊಳ್ಳುವ ತೊಂದರೆಗೆ ಶಸ್ತ್ರಚಿಕಿತ್ಸೆ. ಆಮೇಲೆ ಅವರು ಹಳೆಯ ಹಾರ್ವಿ ಆಗಲೇ ಇಲ್ಲ. ಸ್ಟ್ರಾಸ್‌ಬರ್ಗ್ 2019ರಲ್ಲಿ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು. ಆದರೆ ಅವರ ತೋಳೂ ಮುಂದೆ ಕೈಕೊಟ್ಟಿತು, ಆ ನಂತರ ಎಂಟೇ ಪಂದ್ಯ ಎಸೆಯಲಾಯಿತು.

ಆದ್ದರಿಂದ ಗೋಡೆಯ ಮೇಲೆ ಬರೆದಿಟ್ಟ ಒಂದು ಸಂಖ್ಯೆಯನ್ನು ನಾನು ನಂಬುವುದಿಲ್ಲ. ಮುಂಗೈ ಸ್ನಾಯು ದಣಿದಾಗ ಮೊಣಕೈ ಒಳಬದಿಯ ಅಸ್ಥಿರಜ್ಜಿನ ಮೇಲೆ ಭಾರ ಹೆಚ್ಚುತ್ತದೆ. ನಾನು ನೋಡುವುದು ಆ ದಣಿವನ್ನು. ಚೆಂಡು ಬಿಡುವ ಎತ್ತರ ಇಳಿಯಿತೇ, ನಾಲ್ಕನೇ ಇನ್ನಿಂಗ್ಸ್‌ಗೇ ವೇಗ ಕುಸಿಯಿತೇ, ಎರಡನೆಯ ದಿನವೂ ಭುಜ ಪೂರ್ತಿ ತಿರುಗುತ್ತಿಲ್ಲವೇ? ಹಾಗಿದ್ದರೆ ಒಂದು ಸರದಿ ತಪ್ಪಿಸಿ, ಆ ದಿನ ಆರನೆಯವರನ್ನು ಕರೆಸಬೇಕು. ಮೇ ತಿಂಗಳಲ್ಲೇ ಇಂಥ ಬಿಡುವು ಕೊಟ್ಟರೆ ಸೆಪ್ಟೆಂಬರ್‌ನಲ್ಲಿ ಯಾರನ್ನೂ ಏಕಾಏಕಿ ನಿಲ್ಲಿಸಬೇಕಾಗುವುದಿಲ್ಲ. ಎಳೆಯ ಪಿಚರ್‌ಗಳ ದೊಡ್ಡ ಸಾಲು ಇರುವುದರ ನಿಜವಾದ ಲಾಭ ಇದು.

ಬೆಂಗಳೂರಿನಲ್ಲಿದ್ದಾಗ ಹತ್ತೊಂಬತ್ತರ ಹರೆಯದ ವೇಗದ ಬೌಲರ್ ಒಬ್ಬ ಬೆನ್ನು ನೋವನ್ನು ಮೂರು ವಾರ ನನ್ನಿಂದ ಮುಚ್ಚಿಟ್ಟಿದ್ದ. ತಂಡದಲ್ಲಿ ಜಾಗ ಹೋದೀತೆಂಬ ಭಯ ಅವನಿಗೆ. ಸ್ಕ್ಯಾನ್ ಮಾಡಿಸಿದಾಗ ಮೂಳೆಯಲ್ಲಿ ಬಿರುಕು. ಒಂದು ಪಂದ್ಯ ಬಿಟ್ಟರೆ ಜಾಗ ಹೋಗುವುದಿಲ್ಲ ಎಂದು ತಂಡ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಅವನೂ ಹೇಳುತ್ತಿದ್ದ. ಇಲ್ಲಿನ ಹುಡುಗರಿಗೂ ಅದೇ ಭಯ.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಮೇಡಂ, ನನ್ನ ಅಭಿಪ್ರಾಯ ಬದಲಾಯಿತು. ನನ್ನ ಮಗನಿಗೆ 13. ಶಾಲೆಯ ತಂಡ, ಕ್ಲಬ್ ತಂಡ ಎರಡಕ್ಕೂ ಎಸೆಯುತ್ತಾನೆ. ಎಷ್ಟು ಸರಿ?

ಉತ್ತರ: ಮೇಜರ್ ಲೀಗ್‌ನವರ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯ ಪ್ರಕಾರ 13–14 ವಯಸ್ಸಿಗೆ ದಿನಕ್ಕೆ ಗರಿಷ್ಠ 95 ಚೆಂಡು. 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಎರಡು ತಂಡಗಳ ಕೋಚ್‌ಗಳು ಒಬ್ಬರನ್ನೊಬ್ಬರು ಕೇಳುವುದಿಲ್ಲ, ಹಾಗಾಗಿ ಲೆಕ್ಕವನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ. ಪಿಚಿಂಗ್ ಮಾಡಿದ ದಿನ ಕ್ಯಾಚರ್ ಆಗಿ ನಿಲ್ಲಿಸಬೇಡಿ. ವರ್ಷದಲ್ಲಿ ಒಟ್ಟು ನಾಲ್ಕು ತಿಂಗಳಾದರೂ ಎಸೆತಕ್ಕೆ ಪೂರ್ತಿ ಬಿಡುವಿರಲಿ. ಮೊಣಕೈ ಒಳಬದಿ ನೋಯುತ್ತದೆ ಎಂದು ಅವನು ಒಮ್ಮೆ ಹೇಳಿದರೂ ಎಸೆತ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಮರುದಿನ ಪಂದ್ಯ ಎಷ್ಟೇ ಮುಖ್ಯವಾಗಿದ್ದರೂ.