12 ಅಡಿ ಫೈಬರ್ ದೋಣಿಗೆ ಬ್ಯಾಟರಿ ಮೋಟಾರ್: ಎಷ್ಟು ಪೌಂಡ್, ಯಾವ ಕೇಬಲ್?

ಶಿಂಷಾದಡ (ಕುಣಿಗಲ್):
ಮಾರ್ಕೋನಹಳ್ಳಿ ಹಿನ್ನೀರಲ್ಲಿ ಬಲೆ ಬಿಡೋಕೆ ಇರೋದು 12 ಅಡಿ ಉದ್ದ, 4 ಅಡಿ ಅಗಲದ ಚಪ್ಪಟೆ ತಳದ ಫೈಬರ್ ದೋಣಿ. ಸದ್ಯಕ್ಕೆ ಹುಟ್ಟು ಹಾಕೋದೇ. ಟ್ರೋಲಿಂಗ್ ಮೋಟಾರ್ ಕೂರಿಸೋ ಯೋಚನೆ. ಲೆಕ್ಕ ಹೀಗಿದೆ: ಬರಿ ದೋಣಿ 85 ಕೆ.ಜಿ., ಇಬ್ಬರು ಆಳು, ಬಲೆ 20 ಕೆ.ಜಿ., ವಾಪಸ್ ಬರುವಾಗ ಕಾಟ್ಲಾ, ರೋಹು ಸೇರಿ ಹೆಚ್ಚಂದ್ರೆ 60 ಕೆ.ಜಿ. ಹಿಂದಿನ ಹಲಗೆ 25 ಮಿ.ಮೀ. ದಪ್ಪ, ನೀರಿನ ಮಟ್ಟದಿಂದ ಅದರ ತುದಿಗೆ 30 ಸೆಂ.ಮೀ. ಹೋಗೋಕೆ ಒಂದೂವರೆ ಕಿ.ಮೀ., ಬರೋಕೆ ಅಷ್ಟೇ. ಮಧ್ಯೆ ಒಂದು ಗಂಟೆ ಬಲೆ ಪಕ್ಕದಲ್ಲೇ ನಿಧಾನಕ್ಕೆ ಓಡಾಟ.

ಅಂಗಡಿಯವರು 55 ಪೌಂಡಿನದೇ ತಗೊಳ್ಳಿ ಅಂತಾರೆ. ಮನೇಲಿ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಇನ್ವರ್ಟರ್ ಬ್ಯಾಟರಿ ಇದೆ, 4 ಚದರ ಮಿ.ಮೀ. ವೈರ್ ಒಂದು ಸುರುಳಿ ಮಿಕ್ಕಿದೆ. ಇವೆರಡರಲ್ಲೇ ಮುಗಿಸಬಹುದಾ?

ಕೋಡಿಕಲ್ಲು:
ಮೊದಲು ಪೌಂಡಿನ ವಿಷಯ, ಅಂದ್ರೆ ಮೋಟಾರ್ ದೋಣಿಯನ್ನು ತಳ್ಳೋ ಬಲ. ತುಂಬಿದ ದೋಣಿಯ ಪ್ರತಿ 45 ಕೆ.ಜಿ.ಗೆ 2 ಪೌಂಡ್ ತಳ್ಳು ಅನ್ನೋದು ರೂಢಿಯ ಲೆಕ್ಕ. ನಿಮ್ಮದು ಬ್ಯಾಟರಿ, ಮೋಟಾರ್ ಸೇರಿ 360 ಕೆ.ಜಿ. ಹತ್ತಿರ, ಅಂದ್ರೆ 16 ಪೌಂಡ್. ಆದರೆ ಅದು ನಿಂತ ನೀರು, ನಿಂತ ಗಾಳಿಯ ಮಾತು. ಆಷಾಢದ ಗಾಳಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಎದುರು ಬೀಸಿದರೆ, ದೋಣಿ ಮತ್ತು ಇಬ್ಬರು ಸೇರಿ ಒಂದು ಚದರ ಮೀಟರ್ ಮೈ ಒಡ್ಡಿದಂತೆ ಅಂದುಕೊಂಡರೂ, ಹಿಂದಕ್ಕೆ ನೂಕೋ ಬಲ 60 ನ್ಯೂಟನ್ ಆಗುತ್ತೆ. ಅದು 13–14 ಪೌಂಡ್. ಎರಡೂ ಕೂಡಿದರೆ 30. ಸ್ವಲ್ಪ ಕೈಲಿರಲಿ ಅಂತ 40 ಅಥವಾ 45 ಪೌಂಡ್ ತಗೊಳ್ಳಿ, ಸಾಕು.

55 ತಗೊಂಡರೆ ತಪ್ಪೇನಿಲ್ಲ, ಆದರೆ ಜೋರಾಗಿ ಓಡುತ್ತೆ ಅನ್ನೋ ಆಸೆ ಬೇಡ. ಈ ಮೋಟಾರುಗಳ ರೆಕ್ಕೆ (ಪ್ರೊಪೆಲ್ಲರ್) ಗಂಟೆಗೆ ಐದಾರು ಕಿ.ಮೀ. ವೇಗಕ್ಕೇ ಮಾಡಿದ್ದು. ಪೌಂಡ್ ಜಾಸ್ತಿ ಆದರೆ ಭಾರ ಎಳೆಯುತ್ತೆ, ಗಾಳಿ ತಡೆಯುತ್ತೆ. ವೇಗ ಹೆಚ್ಚು ಕಡಿಮೆ ಅಷ್ಟೇ. ಬ್ಯಾಟರಿ ಮಾತ್ರ ಜಾಸ್ತಿ ಕುಡಿಯುತ್ತೆ: ಪೂರ್ತಿ ವೇಗದಲ್ಲಿ 40 ಪೌಂಡಿನದು ಸುಮಾರು 40 ಆಂಪಿಯರ್, 55ರದು 50.

ಮೋಟಾರನ್ನು ನೀರಿಗೆ ಇಳಿಬಿಡೋ ಕೊಳವೆಯ ಉದ್ದ ನೋಡದೆ ತರಬೇಡಿ. ಮೋಟಾರಿನ ಮೇಲ್ಭಾಗ ನೀರಿಂದ ಒಂದಡಿ ಕೆಳಗಿರಬೇಕು. ನಿಮ್ಮ 30 ಸೆಂ.ಮೀ. ಜೊತೆ ಈ 30 ಸೇರಿದರೆ 60. 30 ಇಂಚಿನ ಕೊಳವೆ, ಅಂದ್ರೆ 76 ಸೆಂ.ಮೀ., ಕಾಗದದ ಮೇಲೆ ಸರಿಹೋಗುತ್ತೆ. ಆದರೆ ಇಬ್ಬರೂ ಮುಂದಕ್ಕೆ ಹೋಗಿ ಬಲೆ ಎಳೆಯುವಾಗ ಹಿಂಭಾಗ ಮೇಲೇಳುತ್ತಲ್ಲ, ಆಗ ರೆಕ್ಕೆ ಗಾಳಿ ನುಂಗುತ್ತೆ. ಸದ್ದು ಏರುತ್ತೆ, ದೋಣಿ ಕದಲಲ್ಲ. 36 ಇಂಚಿನದು ಸಿಕ್ಕರೆ ಅದೇ ಇರಲಿ. ಆಳ ಕಡಿಮೆ ಇರೋ ಕಡೆ ಕೊಳವೆ ಹಿಡಿದಿರೋ ಕಾಲರ್ ಸಡಿಲಿಸಿ ಮೇಲೆತ್ತಿಕೊಳ್ಳಬಹುದು. ಗಿಡ್ಡ ಕೊಳವೆಯನ್ನು ಉದ್ದ ಮಾಡೋಕಾಗಲ್ಲ.

ಹಿಂದಿನ ಹಲಗೆಯನ್ನು ಒಂದು ರೂಪಾಯಿ ನಾಣ್ಯದಲ್ಲಿ ಉದ್ದಕ್ಕೂ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ, ದಪ್ ಅಂದರೆ ಒಳಗಿನ ಮರ ನೀರು ಕುಡಿದಿದೆ. ಅದನ್ನು ಸರಿಮಾಡದೆ ಕ್ಲಾಂಪ್ ಹಾಕಬೇಡಿ. ಗಟ್ಟಿ ಇದ್ದರೆ ಹೊರಗೆ 18 ಮಿ.ಮೀ., ಒಳಗೆ 12 ಮಿ.ಮೀ. ಮೆರೈನ್ ಪ್ಲೈವುಡ್ ತುಂಡು ಕೊಡಿ. ಪ್ಲೈವುಡ್ ಮೇಲೆ ಐಎಸ್ 710 ಅಂತ ಅಚ್ಚಿರಬೇಕು. ಒಳಗಿನ ತುಂಡು ಹೊರಗಿನದಕ್ಕಿಂತ ಒಂದೆರಡು ಇಂಚು ಅಗಲ ಇದ್ದರೆ ಒತ್ತಡ ಹರಡುತ್ತೆ. ಅಂಚುಗಳಿಗೆ ಎರಡು ಸಲ ಎಪಾಕ್ಸಿ. ನಾಲ್ಕು ಎಂ8 ಸ್ಟೇನ್‌ಲೆಸ್ ಬೋಲ್ಟ್, ದೊಡ್ಡ ವಾಷರ್, ನೈಲಾಕ್ (ಅದುರಿದರೂ ಸಡಿಲ ಆಗದ) ನಟ್. ತೂತು 9 ಮಿ.ಮೀ. ಕೊರೆದು, ತೂತಿನ ಒಳಮೈಗೂ ಎಪಾಕ್ಸಿ ಸವರಿ, ಒಣಗಿದ ಮೇಲೆ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ ಬಿಗಿಯಿರಿ. ಬಾತ್‌ರೂಮಿಗೆ ಹಾಕೋ ಸಿಲಿಕೋನ್ ಇಲ್ಲಿ ಕೆಲಸಕ್ಕೆ ಬರಲ್ಲ. ಒಟ್ಟು ದಪ್ಪ 55 ಮಿ.ಮೀ. ಆಗುತ್ತೆ, ಆದ್ದರಿಂದ ಪ್ಲೈವುಡ್ ಕತ್ತರಿಸೋ ಮುಂಚೆ ಕ್ಲಾಂಪಿನ ಬಾಯಿ ಎಷ್ಟು ತೆರೆಯುತ್ತೆ ಅಂತ ಅಳೆದುಕೊಳ್ಳಿ.

ಕ್ಲಾಂಪ್ ತಿರುಪು ಅದುರಿ ಅದುರಿ ಸಡಿಲ ಆಗೇ ಆಗುತ್ತೆ. ಮೋಟಾರಿಗೊಂದು ನೈಲಾನ್ ಹಗ್ಗ ಕಟ್ಟಿ ದೋಣಿಯ ಬಳೆಗೆ ಬಿಗಿದಿರಿ.

ತಂತಿಗಂಟು (ತುಮಕೂರು):
ಆ 4 ಚದರ ಮಿ.ಮೀ. ವೈರ್ ಮನೆಯ ಗೀಸರಿಗೆ ಇರಲಿ. 12 ವೋಲ್ಟ್ ತಾನೇ, ಕೈಗೂ ಹೊಡೆಯಲ್ಲ ಅಂತ ಹಗುರವಾಗಿ ನೋಡೋರೇ ಜಾಸ್ತಿ. ಇಲ್ಲಿ ಕಷ್ಟ ಕೊಡೋದು ವೋಲ್ಟ್ ಅಲ್ಲ, ಆಂಪಿಯರ್.

ಬ್ಯಾಟರಿಯಿಂದ ಮೋಟಾರಿಗೆ 3 ಮೀಟರ್ ಅಂದ್ರೆ ಹೋಗಿ ಬರೋಕೆ 6 ಮೀಟರ್ ತಾಮ್ರ. 4 ಚದರ ಮಿ.ಮೀ. ಆದರೆ ಅಷ್ಟು ಉದ್ದಕ್ಕೆ ರೋಧ 0.026 ಓಮ್. 40 ಆಂಪಿಯರ್ ಹರಿದರೆ 1 ವೋಲ್ಟ್ ದಾರಿಯಲ್ಲೇ ಕಳೆದುಹೋಯ್ತು, 40 ವಾಟ್ ಶಾಖ ವೈರಿನಲ್ಲೇ ಉಳೀತು. ಹೊದಿಕೆ ಮೆತ್ತಗಾಗೋದು ಹೀಗೇ. ಅದೇ 16 ಚದರ ಮಿ.ಮೀ. ಹಾಕಿದರೆ ನಷ್ಟ ಕಾಲು ವೋಲ್ಟ್. ವೆಲ್ಡಿಂಗ್ ಕೇಬಲ್ ಅಂತ ಕೇಳಿ, ಎಳೆ ಸಣ್ಣ, ಚೆನ್ನಾಗಿ ಬಾಗುತ್ತೆ. ಕೊಳ್ಳುವಾಗ ತುದಿಯ ಒಂದೆಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಒಳಗೂ ಕೆಂಪಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಂಥದ್ದು ಮಾರ್ಕೆಟ್ಟಲ್ಲಿ ಬೇಕಾದಷ್ಟಿದೆ.

ಕೇಬಲ್ ಉಳಿಸೋಕೆ ಅಂತ ಬ್ಯಾಟರಿಯನ್ನು ಹಿಂದಕ್ಕೇ ಇಡಬೇಡಿ. ಮೋಟಾರ್, ನಡೆಸೋನು, ಬ್ಯಾಟರಿ ಮೂರೂ ಒಂದೇ ಕಡೆ ಆದರೆ ಮೂತಿ ಆಕಾಶ ನೋಡುತ್ತೆ. ನಡು ಹಲಗೆಯ ಕೆಳಗೆ, ಪೆಟ್ಟಿಗೆಯಲ್ಲಿ, ಪಟ್ಟಿ ಬಿಗಿದು ಇಡಿ.

ಪಾಸಿಟಿವ್ ಕಂಬದಿಂದ ಒಂದು ಗೇಣಿನೊಳಗೆ ಬ್ರೇಕರ್ ಇರಲೇಬೇಕು. 40 ಪೌಂಡಿಗೆ 50 ಆಂಪಿಯರ್, 55ಕ್ಕೆ 60. ನೀರು ತಾಕದ, ಬಟನ್ ಒತ್ತಿ ಮತ್ತೆ ಕೂರಿಸೋ ಥರ್ಮಲ್ ಬ್ರೇಕರ್ ಒಳ್ಳೇದು. ರೆಕ್ಕೆಗೆ ಬಲೆ ಸುತ್ತಿ ಮೋಟಾರ್ ಸಿಕ್ಕಿಬಿದ್ದಾಗ ಅದು ಹಾರುತ್ತೆ. ಫ್ಯೂಸ್ ಆದರೆ ಕೆರೆ ನಡುವೆ ಇನ್ನೊಂದು ಹುಡುಕಬೇಕು.

ಕೇಬಲ್ ತುದಿಗೆ ಹಾಕೋ ಲಗ್‌ಗಳನ್ನು ಸುತ್ತಿಗೆಯಲ್ಲಿ ಚಚ್ಚೋದು ಬೇಡ, ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಿ, ಅದರ ಮೇಲೆ ಒಳಮೈಗೆ ಅಂಟು ಇರೋ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗೋ ತೋಳು) ಹಾಕಿ. ಎಲ್ಲಾ ಆದ ಮೇಲೆ ದೋಣಿಯನ್ನು ದಡಕ್ಕೆ ಕಟ್ಟಿ, ಮೋಟಾರ್ ನೀರಿನಲ್ಲಿ ಮುಳುಗಿರುವಂತೆ ಪೂರ್ತಿ ವೇಗಕ್ಕೆ ಇಡಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಕಂಬದ ಸೀಸದ ಮೇಲೆ, ಇನ್ನೊಂದು ಅದೇ ಕಂಬಕ್ಕೆ ಬಿಗಿದ ಲಗ್ ಮೇಲೆ. 0.05 ವೋಲ್ಟ್ ಒಳಗಿದ್ದರೆ ಸರಿ. 0.3 ತೋರಿಸಿದರೆ ಆ ಒಂದು ಗಂಟಿನಲ್ಲೇ 12 ವಾಟ್ ಉರೀತಾ ಇದೆ ಅಂತ ಅರ್ಥ. ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿಯಿರಿ. ಚಿಟ್ಟೆ ನಟ್ ಇದ್ದರೆ ಕಿತ್ತು ನೈಲಾಕ್ ಹಾಕಿ.

ಪ್ಲಸ್ ಮೈನಸ್ ಅದಲು ಬದಲಾದರೆ ಐದು ಗೇರಿನ ಹಳೇ ಮಾದರಿ ಹಿಂದಕ್ಕೆ ತಿರುಗುತ್ತೆ ಅಷ್ಟೇ. ಎಲೆಕ್ಟ್ರಾನಿಕ್ ವೇಗ ನಿಯಂತ್ರಣ ಇರೋದಾದರೆ ಬೋರ್ಡೇ ಹೋಗಬಹುದು.

ನಡುನೀರು:
ಬ್ಯಾಟರಿ ಬಗ್ಗೆ. ನಿಮ್ಮ ಓಡಾಟಕ್ಕೆ ಎಷ್ಟು ಬೇಕು ನೋಡಿ: ಹೋಗಿ ಬರೋಕೆ 36 ನಿಮಿಷ ಪೂರ್ತಿ ವೇಗ, 40 ಆಂಪಿಯರ್ ಲೆಕ್ಕದಲ್ಲಿ 24 ಎಎಚ್. ಬಲೆ ಪಕ್ಕ ಒಂದು ಗಂಟೆ ನಿಧಾನಕ್ಕೆ 12 ಎಎಚ್ ಇಟ್ಟುಕೊಳ್ಳಿ. ಒಟ್ಟು 36.

ಟ್ಯೂಬುಲರ್ 150 ಎಎಚ್ ಅನ್ನೋದು 7.5 ಆಂಪಿಯರಿನಂತೆ 20 ಗಂಟೆ ಎಳೆದಾಗಿನ ಮಾತು. 40 ಆಂಪಿಯರ್ ಎಳೆದರೆ ಅದು 100ರ ಆಸುಪಾಸಿಗೆ ಇಳಿಯುತ್ತೆ. ಬಾಳಿಕೆ ಬರಬೇಕಾದರೆ ಅದರಲ್ಲೂ ಅರ್ಧ ಮಾತ್ರ ಬಳಸಬೇಕು. ಆ ಲೆಕ್ಕದಲ್ಲೂ 50 ಸಿಗುತ್ತೆ, ನಿಮ್ಮ 36ಕ್ಕೆ ಸಾಕು. ತೊಂದರೆ ಇರೋದು 55–60 ಕೆ.ಜಿ. ಭಾರದ್ದು ಮತ್ತು ಆಸಿಡ್‌ದು. ದಡದ ಕೆಸರಲ್ಲಿ ಅದನ್ನು ದಿನಾ ಇಬ್ಬರು ಹೊರಬೇಕು. ದೋಣಿ ವಾಲಿದಾಗ ಆಸಿಡ್ ತುಳುಕಿ ಬಲೆ ಮೇಲೆ ಬಿದ್ದರೆ ನೈಲಾನ್ ಪುಡಿಯಾಗುತ್ತೆ. ಮೊದಲ ತಿಂಗಳು ಪರೀಕ್ಷೆಗೆ ಅದನ್ನೇ ಬಳಸಿ, ಆಮೇಲೆ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್‌ಗೆ ಹೋಗಿ. 12 ಕೆ.ಜಿ. ಸುಮಾರು, 80 ಎಎಚ್ ನಿಶ್ಚಿಂತೆಯಾಗಿ ಬಳಸಬಹುದು.

ಲಿಥಿಯಂ ಕೊಳ್ಳುವಾಗ ಬಿಎಂಎಸ್ (ಬ್ಯಾಟರಿಯನ್ನು ಕಾಯೋ ಒಳಗಿನ ಸರ್ಕ್ಯೂಟ್) ಎಷ್ಟು ಆಂಪಿಯರಿನದು ಕೇಳಿ. 50ರದು ಕೊಟ್ಟರೆ ಬೇಡ. ಅಂತರಗಂಗೆ ಸುತ್ತಿ ಮೋಟಾರ್ ತಿಣುಕಿದ ಕೂಡಲೇ ಕಡಿದುಬಿಡುತ್ತೆ. 100ರದು ಇರಲಿ. ಚಾರ್ಜರ್ 14.4–14.6 ವೋಲ್ಟಿನ ಲಿಥಿಯಂ ಚಾರ್ಜರೇ ಆಗಬೇಕು, ಸೀಸದ ಬ್ಯಾಟರಿಗೆ ಮಾತ್ರ ಮಾಡಿದ ಮನೆ ಇನ್ವರ್ಟರಿಗೆ ಸಿಕ್ಕಿಸಬೇಡಿ. ಇನ್ನೊಂದು: ಸೀಸದ್ದು 12.2 ವೋಲ್ಟಿಗೆ ನಿಂತರೆ ಅರ್ಧ ಖಾಲಿ ಅಂತ ಗೊತ್ತಾಗುತ್ತೆ. ಲಿಥಿಯಂ ಕೊನೇವರೆಗೂ ಹೆಚ್ಚು ಕಡಿಮೆ ಒಂದೇ ವೋಲ್ಟ್ ತೋರಿಸಿ ದಿಢೀರ್ ಅಂತ ಕೈಕೊಡುತ್ತೆ. ಎಷ್ಟು ಎಎಚ್ ಖರ್ಚಾಯ್ತು ಅಂತ ಎಣಿಸೋ, ಶಂಟ್ ಇರೋ ಮೀಟರ್ ಹಾಕಿಸಿ.

ಹಳೇ ಕಾರ್ ಬ್ಯಾಟರಿ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದರ ಫಲಕ ತೆಳು, ಎಂಜಿನ್ ಎಬ್ಬಿಸೋಕೆ ಕ್ಷಣ ಹೊತ್ತು ಎಳೆಯೋಕಷ್ಟೇ.

ಪಾಲಾರ್_ಕೆರೆ (ಕೋಲಾರ):
ಎಲ್ಲರೂ ಕರೆಂಟಿನ ಬಗ್ಗೆ ಹೇಳಿದರು. ನಮ್ಮ ಕಡೆ ಕೆರೆಗಳಲ್ಲಿ ಮೋಟಾರ್ ಕೊಲ್ಲೋದು ಬಲೆಯ ಎಳೆ ಮತ್ತು ಜಾಲಿ ಮೋಟು.

ಕೆರೆ ಅಂಗಳದಲ್ಲಿ ನೆಟ್ಟ ಕರಿಜಾಲಿ ಎಷ್ಟೋ ಕಡೆ ಹಾಗೇ ಇದೆ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದ ಕೆರೆಗಳಲ್ಲಿ ಅವು ಮುಳುಗಿವೆ, ಮೇಲಿಂದ ಕಾಣಲ್ಲ. ಹಿನ್ನೀರಿನ ಅಂಚಲ್ಲೂ ಇದೇ ಕಥೆ. ರೆಕ್ಕೆ ಮೋಟಿಗೆ ಹೊಡೆದರೆ ಮುರಿಯಬೇಕಾದದ್ದು ರೆಕ್ಕೆಯ ಹಿಂದಿನ ಸಣ್ಣ ಪಿನ್. ಅದರ ಜಾಗಕ್ಕೆ ಮೊಳೆ ಕತ್ತರಿಸಿ ಹಾಕೋ ಬುದ್ಧಿವಂತಿಕೆ ಬೇಡ; ಮೊಳೆ ಮುರಿಯದಿದ್ದರೆ ರೆಕ್ಕೆ ತಿರುಗಿಸೋ ದಂಡವೇ ಬಾಗುತ್ತೆ. ಎರಡು ಪಿನ್, ಒಂದು ನಟ್, ಒಂದು ಸ್ಪ್ಯಾನರ್ ಬಲೆ ಚೀಲದಲ್ಲೇ ಇರಲಿ.

ಬಲೆ ಎತ್ತುವಾಗ ಮೋಟಾರ್ ಆರಿಸಿದರೆ ಸಾಲದು, ಓರೆ ಮಾಡಿ ನೀರಿಂದ ಮೇಲೆತ್ತಿ ಲಾಕ್ ಮಾಡಿ. ಆರಿಸಿದ ರೆಕ್ಕೆಗೂ ಬಲೆ ತಗುಲುತ್ತೆ. ಸಣ್ಣ ನೈಲಾನ್ ಎಳೆ ರೆಕ್ಕೆಯ ಹಿಂದೆ ಸೇರಿ ದಂಡಕ್ಕೆ ಸುತ್ತಿಕೊಂಡರೆ ಹೊರಗೆ ಕಾಣಲ್ಲ. ಅದು ತಿರುಗಿ ತಿರುಗಿ ಸೀಲನ್ನು ಕುಯ್ಯುತ್ತೆ, ಒಳಗೆ ನೀರು ಹೋಗುತ್ತೆ, ಬೇರಿಂಗ್ ತುಕ್ಕು ಹಿಡಿಯುತ್ತೆ. ಐದಾರು ಸಲ ಹೋಗಿ ಬಂದ ಮೇಲೆ ನಟ್ ಬಿಚ್ಚಿ ರೆಕ್ಕೆ ಹೊರಗೆಳೆದು ನೋಡಿ. ಮೋಟಾರನ್ನು ತಲೆಕೆಳಗು ಮಾಡಿದಾಗ ಕಂದು ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ, ಮತ್ತೆ ಇಳಿಸಬೇಡಿ.

ಅಂತರಗಂಗೆ ಸಿಕ್ಕಿಕೊಂಡರೆ ಎರಡು ಸೆಕೆಂಡ್ ರಿವರ್ಸ್. ಬಿಡದಿದ್ದರೆ ಕೈಯಲ್ಲೇ ಬಿಡಿಸಿ, ಆದರೆ ಮೊದಲು ಬ್ರೇಕರ್ ಆರಿಸಿ. ರೆಕ್ಕೆ ಎರಡು ಎಲೆಯದು, ಹಿಂದಕ್ಕೆ ಬಾಗಿದ ಅಂಚಿನದು ತಗೊಳ್ಳಿ, ಕಳೆ ಜಾರುತ್ತೆ.

ಶಿಂಷಾದಡ (ಕುಣಿಗಲ್):
ಹಾಗಾದರೆ 45 ಪೌಂಡ್, 36 ಇಂಚು, 16ರ ಕೇಬಲ್. ಎರಡು ಪ್ರಶ್ನೆ ಉಳೀತು. ಹುಟ್ಟು ಮನೇಲಿಟ್ಟು ಹೋಗಬಹುದಾ? ಸಂಘದಲ್ಲಿ ಫೈಬರ್ ಹರಿಗೋಲುಗಳೂ ಇವೆ, ಅದಕ್ಕೂ ಇದೇ ಮೋಟಾರ್ ಬರುತ್ತಾ?

ಕೋಡಿಕಲ್ಲು:
ಹುಟ್ಟು ದೋಣಿಯಲ್ಲೇ ಇರಲಿ, ಎರಡೂ. ಜೊತೆಗೆ ಲೈಫ್ ಜಾಕೆಟ್.

ಹರಿಗೋಲಿಗೆ ಬೇಡ. ಅದಕ್ಕೆ ಹಿಂದು ಮುಂದು ಇಲ್ಲ, ತಳದಲ್ಲಿ ಏಣು ಇಲ್ಲ. ಅಂಚಿಗೆ ಕಟ್ಟಿದ ಮೋಟಾರಿನ ತಳ್ಳು ನಡುಭಾಗದಿಂದ ಒಂದಿಷ್ಟು ಓರೆಯಾದರೂ ಸಾಕು, ಬೀಸುಕಲ್ಲಿನ ಹಾಗೆ ಗಿರಗಿರ ತಿರುಗುತ್ತೆ. ನಡೆಸೋನು, ಮೋಟಾರ್ ಒಂದೇ ಅಂಚಿಗೆ ಬಂದರೆ ಆ ಕಡೆ ಬಾಯಿ ನೀರಿಗೆ ಇಳಿಯುತ್ತೆ. ಕ್ಲಾಂಪ್ ಹಿಡಿಯೋಕೆ ಚಪ್ಪಟೆ ಹಲಗೆಯೂ ಇಲ್ಲ, ಅಂಚಿನ ಫೈಬರ್ ಸೀಳುತ್ತೆ. ದೂರ ಹೋಗಬೇಕಾದ ದಿನ ಹರಿಗೋಲನ್ನು ದೋಣಿಯ ಹಿಂದೆ 5 ಮೀಟರ್ ಹಗ್ಗದಲ್ಲಿ ಕಟ್ಟಿ ಎಳೆದುಕೊಂಡು ಹೋಗಿ. ಹಗ್ಗವನ್ನು ಮೋಟಾರ್ ಇಲ್ಲದ ಮೂಲೆಯ ಬಳೆಗೆ ಕಟ್ಟಿ, ಸಡಿಲ ಬಿಟ್ಟು ರಿವರ್ಸ್ ಹಾಕಬೇಡಿ.