ಒಡವೆ ಮಾಡೋದು ಬಿಡಬೇಡ, ತಾರೀಖು ಕೊಡೋದು ಬಿಡು

ಪುಟ್ಟಿ, ನೀನು ಬೆಳಗ್ಗೆ ಗ್ರೂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ನೋಡಿದೆ. ಮುಂದಿನ ತಿಂಗಳು ಎಂ.ಎಸ್ಸಿ. ಶುರುವಾಗುತ್ತದೆ, ಓಲೆ, ಸರ, ಪೆಂಡೆಂಟ್ ಮಾಡಿ ಮಾರುವುದನ್ನು ಮುಂದುವರಿಸಲಾ, ನಿಲ್ಲಿಸಲಾ ಅಂತ ಕೇಳಿದ್ದೀಯ. ಚಿಕ್ಕಪ್ಪ "ಎರಡು ವರ್ಷ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕು, ಮೊದಲು ಓದು" ಅಂದಿದ್ದಾರೆ. ಅತ್ತೆ "ದಿನಾ ರಾತ್ರಿ ಒಂದು ಗಂಟೆ ಕೂತರೆ ಸಾಕು, ಎರಡೂ ಆಗುತ್ತೆ" ಅಂದಿದ್ದಾರೆ. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನಾನೂ ಮಾಸ್ಟರ್ಸ್ ಓದುತ್ತಲೇ ಒಡವೆ ಮಾಡಿದವಳು. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ಟೈಪ್ ಮಾಡುತ್ತಾ ಕೂರುವ ಬದಲು ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೈಕೆಲಸ ಮಾಡುತ್ತಾ ಕೇಳು.

ನಾನು ಹೇಳುವುದು ಇಷ್ಟೇ. ಓದಿಗೆ ಅಡ್ಡ ಬರುವುದು ಒಡವೆ ಮಾಡುವ ಕೆಲಸ ಅಲ್ಲ. ಇಂಥ ದಿನ ಕೊಡುತ್ತೇನೆ ಅಂತ ಬೇರೆಯವರಿಗೆ ಕೊಟ್ಟ ಮಾತು. ಆದ್ದರಿಂದ ಕಡಿಮೆ ಮಾಡಬೇಕಾದ್ದು ಆ ಮಾತನ್ನು. ಮೊದಲ ಸೆಮಿಸ್ಟರ್ ಪೂರ್ತಿ ಒಂದೇ ಒಂದು ಕಸ್ಟಮ್ ಆರ್ಡರ್ ತಗೋಬೇಡ. ಮಾಡಿ ಇಟ್ಟದ್ದನ್ನು ಮಾತ್ರ ಮಾರು.

ಒಂದು ಕಸ್ಟಮ್ ಆರ್ಡರ್ ಹೇಗೆ ನಡೆಯುತ್ತದೆ, ನಿನಗೇ ಗೊತ್ತು. ಯಾರೋ ಒಂದು ಬಟ್ಟೆಯ ಫೋಟೋ ಕಳಿಸಿ ಇದಕ್ಕೆ ಹೊಂದುವ ಓಲೆ ಬೇಕು ಅನ್ನುತ್ತಾರೆ. ಫೋನಿನಲ್ಲಿ ಕಾಣುವ ಬಣ್ಣವೇ ಬೇರೆ, ನಿಜವಾದ ಬಣ್ಣವೇ ಬೇರೆ. ಹಗಲು ಬೆಳಕಿನಲ್ಲಿ ಇನ್ನೊಂದು ಫೋಟೋ ಕಳಿಸಿ ಅಂತ ನೀನು ಕೇಳುತ್ತೀಯ. ಆ ಬಣ್ಣದ ಮಣಿ ಇರುವುದಿಲ್ಲ. ಹತ್ತಿರದ ಮೂರು ಬಣ್ಣ ತೋರಿಸುತ್ತೀಯ. ಅವರು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಸುಮ್ಮನಾಗುತ್ತಾರೆ. ನೀನು ಮಾಡಿ ಮುಗಿಸಿದ ಮೇಲೆ, ಸ್ವಲ್ಪ ಗಿಡ್ಡ ಮಾಡಬಹುದಾ ಅನ್ನುತ್ತಾರೆ. ಆಮೇಲೆ ಪ್ಯಾಕಿಂಗ್, ಕೊರಿಯರ್, ಎಲ್ಲಿಗೆ ಬಂತು ಅಂತ ವಿಚಾರಣೆ. ಓಲೆಗೆ ಹಿಡಿಯುವುದು ಒಂದು ಗಂಟೆ. ಮಾತುಕತೆಗೆ ಒಂದು ವಾರ. ಆ ವಾರ ಪೂರ್ತಿ ಅದು ನಿನ್ನ ತಲೆಯೊಳಗೆ ಕೂತಿರುತ್ತದೆ.

ಇದರ ಬಗ್ಗೆ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲೇ ಬರೆದಿದ್ದಾರೆ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರಿದರೆ, ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸ ಕೆಡುತ್ತದೆ ಅಂತ. ಮಾಸ್ಟರ್ಸ್ ಓದಿನಲ್ಲಿ ಇದು ತುಂಬಾ ದುಬಾರಿ. ಡಿಗ್ರಿಯಲ್ಲಿ ನೋಟ್ಸ್ ಓದಿಕೊಂಡರೆ ನಡೆಯುತ್ತಿತ್ತು. ಇಲ್ಲಿ ಒಂದು ಪೇಪರ್ ಕೈಗೆ ಬಂದರೆ, ಇವರು ಯಾಕೆ ಈ ಪ್ರಯೋಗ ಮಾಡಿದರು, ಈ ಗ್ರಾಫ್ ಏನು ಹೇಳುತ್ತಿದೆ, ನಾನು ಇದನ್ನು ಒಪ್ಪುತ್ತೇನಾ ಅಂತ ಕೂತು ಯೋಚಿಸಬೇಕು. ನಡುವೆ ಫೋನ್ ಟಿಣ್ ಅಂದು "ಅಕ್ಕಾ, ರೆಡಿ ಆಯ್ತಾ?" ಅಂತ ಬಂದರೆ, ಪೇಪರನ್ನು ಮತ್ತೆ ಮೊದಲ ಪುಟದಿಂದ ಓದಬೇಕಾಗುತ್ತದೆ.

ಈಗ ಅತ್ತೆಯ ಒಂದು ಗಂಟೆಯ ವಿಚಾರ. ಅತ್ತೆ, ನಿಮ್ಮ ಮಾತು ಕೆಲವು ಕೆಲಸಕ್ಕೆ ಸರಿ, ಕೆಲವಕ್ಕೆ ಸರಿಯಲ್ಲ. ಒಡವೆ ಕೆಲಸವೆಲ್ಲ ಒಂದೇ ತರಹ ಇರುವುದಿಲ್ಲ. ಎಷ್ಟು ಹೊತ್ತು ಬೇಕು ಅನ್ನುವುದಕ್ಕಿಂತ, ನಡುವೆ ಬಿಟ್ಟು ಏಳಬಹುದಾ ಅನ್ನುವುದು ಮುಖ್ಯ.

ರೆಸಿನ್ ಉದಾಹರಣೆ ತಗೋ, ಅಚ್ಚಿಗೆ ಸುರಿದರೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗುತ್ತದಲ್ಲ, ಅದು. ಎರಡು ಬಾಟಲಿಯ ದ್ರವವನ್ನು ಅಳತೆ ಹಿಡಿದು ಬೆರೆಸಬೇಕು, ಗುಳ್ಳೆ ಏಳದ ಹಾಗೆ ನಿಧಾನವಾಗಿ ಕಲಸಬೇಕು, ಗಟ್ಟಿಯಾಗುವ ಮೊದಲು ಅಚ್ಚಿಗೆ ಸುರಿಯಬೇಕು. ಒಮ್ಮೆ ಬೆರೆಸಿದ ಮೇಲೆ ಅದು ನಿನಗಾಗಿ ಕಾಯುವುದಿಲ್ಲ. ಆಮೇಲೆ ಧೂಳು ಬೀಳದ ಹಾಗೆ ಮುಚ್ಚಿಡಬೇಕು. ಪೂರ್ತಿ ಗಟ್ಟಿಯಾಗಲು ಈ ಎಪಾಕ್ಸಿ ರೆಸಿನ್ನಿಗೆ ಸಾಮಾನ್ಯವಾಗಿ 24ರಿಂದ 72 ಗಂಟೆ ಹಿಡಿಯುತ್ತದೆ. ಪಾಲಿಮರ್ ಕ್ಲೇ, ಅಂದರೆ ಸುಟ್ಟರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ, ಅದೂ ಬಿಟ್ಟು ಏಳಲಾಗದ ಕೆಲಸವೇ. ಹದ ಮಾಡಿ, ಲಟ್ಟಿಸಿ, ಕತ್ತರಿಸಿ, ಓವನ್ನಿನಲ್ಲಿ ಇಟ್ಟು ಕಾಯಬೇಕು, ಅದೂ ಪ್ಯಾಕೆಟ್ಟಿನ ಮೇಲೆ ಬರೆದಿರುವ ಉಷ್ಣತೆಯಲ್ಲೇ. ಇವನ್ನು ರಾತ್ರಿ ಒಂದು ಗಂಟೆಯಲ್ಲಿ ಮಾಡಲು ಹೋದರೆ ಅರ್ಧ ಹೊತ್ತು ಸಾಮಾನು ಹರಡುವುದಕ್ಕೆ, ಇನ್ನರ್ಧ ಎತ್ತಿಡುವುದಕ್ಕೆ ಹೋಗುತ್ತದೆ. ಇವು ರಜೆಯ ಕೆಲಸ. ಸೆಮಿಸ್ಟರ್ ನಡೆಯುವಾಗ ಮುಟ್ಟಬೇಡ.

ಮುತ್ತಿನ ಸರ ಪೋಣಿಸಿ ಒಂದೊಂದು ಮುತ್ತಿನ ನಡುವೆ ಗಂಟು ಹಾಕುವುದು ಹಾಗಲ್ಲ. ಯಾವ ಗಂಟಿನ ಮೇಲೆ ಬೇಕಾದರೂ ನಿಲ್ಲಿಸಬಹುದು, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಓಲೆಯ ಕೊಕ್ಕೆ ಮಾಡುವುದೂ ಅಷ್ಟೇ. ನಾನು ಓದುವ ದಿನಗಳಲ್ಲಿ ಜಾಸ್ತಿ ಮಾಡಿದ್ದೇ ಕೊಕ್ಕೆ. 20 ಗೇಜ್ ತಂತಿ, ಅಂದರೆ ಸುಮಾರು 0.8 ಮಿಲಿಮೀಟರ್ ದಪ್ಪ. ಒಂದು ದಿನ ಕೂತು ಎಲ್ಲವನ್ನೂ ನಾಲ್ಕೂವರೆ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಡಬ್ಬಿಗೆ ಹಾಕು. ಮುಂದಿನ ಸಲ ದುಂಡು ಮೂತಿಯ ಇಕ್ಕಳದಿಂದ ಎಲ್ಲದರ ತುದಿಗೂ ಪುಟ್ಟ ಕುಣಿಕೆ ಮಾಡು. ಅದರ ಮುಂದಿನ ಸಲ ಪೆನ್ನಿನ ಮೇಲೆ ಇಟ್ಟು ಬಗ್ಗಿಸು. ಆಮೇಲೆ ಬಾಗಿದ ಜಾಗಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ತಟ್ಟಿದಷ್ಟೂ ಲೋಹ ಗಡುಸಾಗುತ್ತದೆ, ಕೊಕ್ಕೆ ಆಕಾರ ಬಿಡುವುದಿಲ್ಲ. ಕೊನೆಗೆ ಕಿವಿಗೆ ಹೋಗುವ ತುದಿಯನ್ನು ಸಣ್ಣ ಅರದಿಂದ ಸುತ್ತ ಉಜ್ಜಿ ನುಣುಪು ಮಾಡು. ಬೆರಳ ತುದಿಗೆ ಒತ್ತಿ ನೋಡು, ಚುರ್ ಅನ್ನಬಾರದು. ಹೀಗೆ ಒಂದೊಂದೇ ಹಂತ ಮಾಡುತ್ತಾ ಹೋದರೆ ಹದಿನೈದು ನಿಮಿಷ ಸಿಕ್ಕರೂ ಕೆಲಸ ಮುಂದೆ ಹೋಗುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಟ್ಟುಕೊಳ್ಳಬೇಕಿಲ್ಲ, ಡಬ್ಬಿ ತೆರೆದರೆ ಗೊತ್ತಾಗುತ್ತದೆ.

ಈ ತಿಂಗಳು ಕೈಯಲ್ಲಿದೆ ಅಲ್ವಾ, ಸ್ಟಾಕ್ ಮಾಡಿ ಇಡು. ಆದರೆ ಏನನ್ನು ಮಾಡಿ ಇಡಬೇಕು ಅನ್ನುವುದನ್ನು ನೋಡಿಕೋ. ಎಲಾಸ್ಟಿಕ್ ದಾರದ ಬ್ರೇಸ್‌ಲೆಟ್ ಬೇಡ, ಇಟ್ಟಲ್ಲೇ ದಾರ ಸಡಿಲವಾಗುತ್ತದೆ. ತೆಳು ಬಣ್ಣದ ರೆಸಿನ್ ಬಿಸಿಲು ಬೀಳುವ ಕಡೆ ಇದ್ದರೆ ಹಳದಿಯಾಗುತ್ತದೆ. ಬೆಳ್ಳಿಯದ್ದು ಇನ್ನೊಂದು ಕತೆ. ಸ್ಟರ್ಲಿಂಗ್ ಬೆಳ್ಳಿಯಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಕಪ್ಪಾಗುತ್ತದೆ, ತೇವ ಇದ್ದರೆ ಇನ್ನೂ ಬೇಗ. ಒಂದೊಂದು ಜೊತೆಯನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡು. ಗಾಜಿನ ಮಣಿ, ಗಟ್ಟಿ ಕಲ್ಲು, ಸ್ಟೇನ್‌ಲೆಸ್ ಸ್ಟೀಲ್ ಇವಕ್ಕೆ ಇಷ್ಟು ಆರೈಕೆ ಬೇಡ, ಜಾಸ್ತಿ ಅವನ್ನೇ ಮಾಡು. ಮತ್ತೆ ಈ ಸೆಮಿಸ್ಟರಿಗೆ ಹೊಸ ಮಣಿ ಕೊಳ್ಳಬೇಡ. ನಿನ್ನ ಡ್ರಾಯರ್ ನಾನು ನೋಡಿದ್ದೇನೆ, ಅದರಲ್ಲಿರುವುದು ಸಾಕು.

ಹಾಸ್ಟೆಲಿಗೆ ಹೋಗುವುದಾದರೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಇಬ್ಬರು ಮಲಗುವ ರೂಮಿನಲ್ಲಿ ರೆಸಿನ್ ಕೆಲಸ ಖಂಡಿತ ಬೇಡ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಶುರುವಾಗಬಹುದು. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಆಮೇಲೆ ಸ್ವಲ್ಪ ತಾಕಿದರೂ ತುರಿಕೆ. ಮನೆಯಲ್ಲಿ ಮಾಡುವಾಗಲೂ ನೈಟ್ರೈಲ್ ಕೈಗವಸು ಹಾಕು, ಕಿಟಕಿ ತೆರೆದಿಡು. ಬೆಸುಗೆ ಹಾಕುವ ಗ್ಯಾಸ್ ಟಾರ್ಚ್ ಹಾಸ್ಟೆಲಿಗೆ ಒಯ್ಯುವ ಮಾತೇ ಇಲ್ಲ. ಎರಡು ಇಕ್ಕಳ, ಒಂದು ಕಟ್ಟರ್, ಅರ, ಪುಟ್ಟ ಸುತ್ತಿಗೆ, ತಂತಿ, ಮಣಿ, ಇಷ್ಟು ಒಂದು ಡಬ್ಬಿಯಲ್ಲಿ ಹಿಡಿಯಬೇಕು. ಹಿಡಿಯದ್ದು ಮನೆಯಲ್ಲೇ ಇರಲಿ.

ಕಣ್ಣಿನ ವಿಚಾರ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಓದಿ ಸುಸ್ತಾದಾಗ ಮಣಿ ಹಿಡಿದರೆ ಮನಸ್ಸಿಗೆ ನಿಜವಾಗಿಯೂ ಹಗುರಾಗುತ್ತದೆ. ಆದರೆ ಕಣ್ಣಿಗೆ ಅದು ಬಿಡುವಲ್ಲ. ಸ್ಕ್ರೀನೂ ಹತ್ತಿರ, ಮಣಿಯೂ ಹತ್ತಿರ. 11/0 ಸೈಜಿನ ಮಣಿ ಅಂದರೆ ಎರಡು ಮಿಲಿಮೀಟರ್ ಆಸುಪಾಸು, ದಿನವಿಡೀ ಪೇಪರ್ ಓದಿದ ಕಣ್ಣಿಗೆ ಅದು ಶಿಕ್ಷೆ. ಓದಿದ ದಿನ ಆರು, ಎಂಟು ಮಿಲಿಮೀಟರಿನ ಮಣಿ ಹಿಡಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡು, ಕಣ್ಣಿನ ಡಾಕ್ಟರುಗಳು ಹೇಳುವುದು ಇದನ್ನೇ. ಮಣಿಕಟ್ಟೂ ಅಷ್ಟೇ. ಟೈಪಿಂಗಿಗೂ ಇಕ್ಕಳಕ್ಕೂ ಅದೇ ಕೈ. ರಿಪೋರ್ಟ್ ಬರೆಯುವ ವಾರ ಇಕ್ಕಳ ಮುಟ್ಟದಿದ್ದರೂ ಏನೂ ಆಗುವುದಿಲ್ಲ.

ಫೆಲೋಶಿಪ್ ಸಿಕ್ಕರೆ ಅದರ ನಿಯಮದ ಪತ್ರವನ್ನು ಪೂರ್ತಿ ಓದು. ಕೆಲವು ಕಡೆ ಬೇರೆ ಆದಾಯ ಇರಬಾರದು ಅಂತಲೋ, ಇದ್ದರೆ ತಿಳಿಸಬೇಕು ಅಂತಲೋ ಇರುತ್ತದೆ. ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೋ.

ಚಿಕ್ಕಪ್ಪ, ಈಗ ನಿಮಗೆ. ನೀವು ಹೇಳಿದ ಹಾಗೆ ಪೂರ್ತಿ ಕಟ್ಟಿಟ್ಟರೆ ಸಮಯ ಉಳಿಯುತ್ತದೆ, ಅದು ನಿಜ. ಆದರೆ ಈ ಓದಿನಲ್ಲಿ ಒಂದು ಕಷ್ಟ ಇದೆ, ಹೊರಗಿನಿಂದ ಕಾಣುವುದಿಲ್ಲ. ತಿಂಗಳುಗಟ್ಟಲೆ ಏನೂ ಮುಗಿಯುವುದಿಲ್ಲ. ಓದಿದ್ದು ಸಾಲದು, ಬರೆದದ್ದನ್ನು ಗೈಡ್ ತಿದ್ದಿ ವಾಪಸ್ ಕೊಡುತ್ತಾರೆ, ಪ್ರಯೋಗ ಕೈಕೊಡುತ್ತದೆ, ಮತ್ತೆ ಮೊದಲಿನಿಂದ. ದಿನವಿಡೀ ದುಡಿದರೂ ಸಂಜೆಗೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನೂ ಇರುವುದಿಲ್ಲ. ನನಗೆ ಆ ದಿನಗಳಲ್ಲಿ ಒಂದು ಜೊತೆ ಓಲೆ ಮುಗಿದರೆ ಎಷ್ಟು ಸಮಾಧಾನವಾಗುತ್ತಿತ್ತು ಅಂತ ಹೇಳಲಾರೆ. ಶುರು ಮಾಡಿದೆ, ಮುಗಿಯಿತು, ಎರಡೂ ಒಂದೇ ಅಳತೆಗೆ ಬಂತು. ನಾಳೆ ಮತ್ತೆ ಲ್ಯಾಬಿಗೆ ಹೋಗಲು ಅದು ಧೈರ್ಯ ಕೊಡುತ್ತಿತ್ತು. ಪುಟ್ಟಿಯ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಬೇಡ ಅನ್ನುವುದು ನನ್ನ ಬೇಡಿಕೆ. ಅವಳು ಓದಲಿ ಅಂತ ನಿಮಗೆ ಎಷ್ಟು ಆಸೆಯೋ ನನಗೂ ಅಷ್ಟೇ ಆಸೆ.

ಟೈಮ್‌ಟೇಬಲ್ ಮಾತ್ರ ಈಗಲೇ ಹಾಕಬೇಡ ಪುಟ್ಟಿ. ಇಂಟರ್ನಲ್ಸ್, ಸೆಮಿನಾರ್, ಅಸೈನ್‌ಮೆಂಟ್ ತಾರೀಖುಗಳು ಕೈಗೆ ಬರಲಿ. ಅವು ಸಾಮಾನ್ಯವಾಗಿ ಸೆಮಿಸ್ಟರಿನ ಕೊನೆಗೆ ಒಟ್ಟಿಗೆ ಬಂದು ಬೀಳುತ್ತವೆ. ಆ ವಾರಗಳಲ್ಲಿ ಪೇಜಿನಲ್ಲಿ "ಸದ್ಯಕ್ಕೆ ಮಾರಾಟ ಇಲ್ಲ" ಅಂತ ಹಾಕಿ ಮೆಸೇಜಿನ ಸದ್ದು ತೆಗೆದುಬಿಡು. ಉಳಿದ ವಾರಗಳಲ್ಲಿ ಪ್ಯಾಕಿಂಗ್, ಕೊರಿಯರ್, ಉತ್ತರ ಕೊಡುವುದು ಎಲ್ಲ ವಾರಕ್ಕೆ ಒಂದೇ ದಿನ. ಶನಿವಾರ ಅಂದರೆ ಶನಿವಾರ. ಸೋಮವಾರ ಕೇಳಿದವರು ಶನಿವಾರದ ತನಕ ಕಾಯುತ್ತಾರೆ. ಕಾಯದವರೂ ಇರುತ್ತಾರೆ, ಹೋಗಲಿ ಬಿಡು.

ಈಗ ನಿನ್ನ ಹತ್ತಿರ ಇರುವ ಎರಡು ಆರ್ಡರ್. ಓಲೆಯದ್ದು ಕ್ಲಾಸ್ ಶುರುವಾಗುವ ಮೊದಲೇ ಮುಗಿಯುತ್ತದೆ, ಈ ವಾರವೇ ಮಾಡಿ ಕಳಿಸು. ಆ ಸರದ ಸೆಟ್ ಇದೆಯಲ್ಲ, ಸೆಮಿಸ್ಟರಿನ ನಡುವೆ ಕೊಡುತ್ತೇನೆ ಅಂದದ್ದು, ಅದು ಆಗುವುದಿಲ್ಲ ಅಂತ ಅವರಿಗೆ ಇವತ್ತೇ ಹೇಳಿಬಿಡು. ಅವರಿಗೆ ಬೇರೆ ಕಡೆ ಮಾಡಿಸಿಕೊಳ್ಳಲು ಈಗ ಸಮಯ ಇದೆ, ಆಮೇಲೆ ಇರುವುದಿಲ್ಲ. ಹೇಗೆ ಬರೆಯಲಿ ಅಂತ ಯೋಚಿಸುತ್ತಾ ಕೂರಬೇಡ, ಇದನ್ನೇ ಕಳಿಸು: "ನಮಸ್ಕಾರ. ಮುಂದಿನ ತಿಂಗಳಿಂದ ನನ್ನ ಎಂ.ಎಸ್ಸಿ. ಶುರುವಾಗುತ್ತದೆ. ನಿಮ್ಮ ಸೆಟ್ ಅನ್ನು ಹೇಳಿದ ದಿನಕ್ಕೆ ಚೆನ್ನಾಗಿ ಮಾಡಿ ಕೊಡಲು ಆಗುವುದಿಲ್ಲ, ಅದಕ್ಕೇ ಈಗಲೇ ತಿಳಿಸುತ್ತಿದ್ದೇನೆ. ಮುಂಗಡ ಇವತ್ತೇ ವಾಪಸ್ ಕಳಿಸುತ್ತೇನೆ. ಮಾಡಿಟ್ಟ ಸರಗಳ ಫೋಟೋ ಕಳಿಸಲಾ? ಇಷ್ಟವಾದರೆ ಅದರಲ್ಲೊಂದು ತಗೊಳ್ಳಿ." ಇಷ್ಟು ಕಳಿಸಿ, ಮುಂಗಡವನ್ನೂ ಆಗಲೇ ಹಾಕಿಬಿಡು.