ಅಪ್‌ಡೇಟ್: ಅಕ್ಕನಿಗೆ ಕೋರ್ಟಿನ ಮಧ್ಯಂತರ ಆದೇಶ (ಕೇಸು ಮುಗಿಯುವವರೆಗಿನದ್ದು) ಸಿಕ್ಕಿತು

ಭಾವ ಕುಡಿದು ಹೊಡೆಯುತ್ತಾರೆ, ಮನೆ ಅವರ ಹೆಸರಲ್ಲಿದೆ, ಅಕ್ಕನನ್ನು ಹೊರಗೆ ಹಾಕಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸುಮ್ನೆ ಹಾಗೆಲ್ಲ ಹಾಕುವ ಹಾಗಿಲ್ಲ ಮಾರಾಯ್ರೆ. ಕೌಟುಂಬಿಕ ಹಿಂಸೆಯಿಂದ ಹೆಂಗಸರನ್ನು ರಕ್ಷಿಸುವ 2005ರ ಕಾಯ್ದೆ ಪ್ರಕಾರ ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿರುವ ಹಕ್ಕು ಅವಳಿಗಿದೆ.

ನೀವು ಹೇಳಿದಂತೆ ಉಡುಪಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ವಕೀಲರನ್ನು ಕೊಟ್ಟರು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅದು ಉಚಿತ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಅನ್ನುತ್ತದೆ ಕಾಯ್ದೆ. ನಮಗೆ ಜಾಸ್ತಿಯೇ ಹಿಡಿಯಿತು.

ವಿಚಾರಣೆಯ ದಿನ ಅಕ್ಕನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಒಳಗೆ ಆಸ್ಪತ್ರೆ ಚೀಟಿ, ಊದಿದ ಕೆನ್ನೆಯ ಫೋಟೋ, ರೇಷನ್ ಕಾರ್ಡ್ ಜೆರಾಕ್ಸ್. ವಕೀಲರು ಕೇಳಿಕೊಂಡದ್ದರಿಂದ ಬೇರೆಯವರನ್ನೆಲ್ಲ ಹೊರಗೆ ಕಳಿಸಿಯೇ ವಿಚಾರಣೆ ನಡೆಸಿದರು. ಇಲ್ಲದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಭಾವನ ಕಡೆಯವರು ವಾಯಿದೆ ಕೇಳಿದರು. ಮ್ಯಾಜಿಸ್ಟ್ರೇಟ್ ವಾಯಿದೆ ಕೊಟ್ಟರು, ಜೊತೆಗೆ ಮಧ್ಯಂತರ ಆದೇಶವನ್ನೂ ಕೊಟ್ಟರು! ಹೊಡೆಯುವ ಹಾಗಿಲ್ಲ, ಅವಳ ಕೆಲಸದ ಜಾಗಕ್ಕೆ ಬರುವ ಹಾಗಿಲ್ಲ, ಮನೆಯಿಂದ ಹೊರಡಿಸುವ ಹಾಗಿಲ್ಲ. ಮೀರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆದೇಶದ ಪ್ರತಿಗೆ ದುಡ್ಡಿಲ್ಲ, ಠಾಣೆಗೂ ಒಂದು ಹೋಗುತ್ತದೆ.

ಖರ್ಚಿನ ಹಣದ ವಿಷಯ ಮುಂದಿನ ವಾಯಿದೆಗೆ. ಅಮ್ಮ ಇನ್ನೂ ರಾಜಿ ಮಾಡಿಕೋ ಅನ್ನುತ್ತಿದ್ದಾರೆ. ಅಕ್ಕ ಕೇಳುವ ಹಾಗೆ ಕಾಣುವುದಿಲ್ಲ.